ಅನಾನಸ್ ಉರುಳಿಸಿದ ಮೇಲೆ ಏನು ಮಾಡೋದು? ಚೀನೀ ಗೃಹಪ್ರವೇಶದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಗಪುರದಲ್ಲಿ ನಮ್ಮದು ಎಚ್‌ಡಿಬಿ, ಅಂದರೆ ಸರಕಾರಿ ವಸತಿ ಮಂಡಳಿ ಕಟ್ಟಿಸಿದ ಬ್ಲಾಕಿನ ಫ್ಲ್ಯಾಟು. ನಮ್ಮ ಕಾರಿಡಾರಿನಲ್ಲಿ ಆರು ಬಾಗಿಲು. ನಾಲ್ಕು ಚೀನೀಯರವು, ಒಂದು ಮಲಯ್ ಕುಟುಂಬದ್ದು, ಒಂದು ನಮ್ಮದು. ಊರಿಂದ ಹೊಸದಾಗಿ ಬಂದವರಿಗೆ ಚೀನೀ ಸಹೋದ್ಯೋಗಿಯೋ ನೆರೆಯವರೋ ಗೃಹಪ್ರವೇಶಕ್ಕೆ ಕರೆದ ತಕ್ಷಣ ನನಗೆ ಮೆಸೇಜ್ ಬರುತ್ತೆ. ಏನು ಕೊಡಲಿ, ಏನು ಕೊಡಬಾರದು, ಅವರು ಕೊಟ್ಟ ಅನಾನಸ್ ತಿನ್ನಬಹುದಾ ಅಂತ. ಒಂದೇ ಉತ್ತರವನ್ನು ಎಷ್ಟು ಸಲ ಟೈಪ್ ಮಾಡೋದು? ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ನಾನು ಪಂಡಿತಳೇನಲ್ಲ. ನನಗೆ ಗೊತ್ತಿರೋದರಲ್ಲಿ ಮುಕ್ಕಾಲು ಪಾಲು ಎದುರು ಮನೆಯ ಹೊಕ್ಕಿಯೆನ್ (ಅಂದರೆ ದಕ್ಷಿಣ ಚೀನಾದ ಫುಜಿಯಾನ್ ಮೂಲದ) ಆಂಟಿ ಕಲಿಸಿದ್ದು.

## ಮೊದಲ ಸಲ ಕೇಳುವವರಿಗೆ

ಚೀನೀಯರಲ್ಲೂ ಗೃಹಪ್ರವೇಶ ಅಂತ ಇದೆಯಾ? ಏನಂತ ಕರೀತಾರೆ?

ಇದೆ, ಆದರೆ ಒಂದೇ ಹೆಸರಿಲ್ಲ, ಒಂದೇ ಪದ್ಧತಿಯೂ ಇಲ್ಲ. ಸಿಂಗಪುರ, ಮಲೇಷ್ಯಾ, ತೈವಾನಿನ ಹೊಕ್ಕಿಯೆನ್ ಜನ ಹೇಳುವ ಮಾತಿಗೆ ಅರ್ಥ ನೇರವಾಗಿ "ಮನೆ ಹೊಗುವುದು". ಹಾಂಗ್‌ಕಾಂಗಿನ ಕ್ಯಾಂಟನೀಸರು "ಯಾಪ್ ಫೋ" ಅನ್ನುತ್ತಾರೆ. ಆ "ಫೋ" ಉಚ್ಚಾರದಲ್ಲಿ ಬೆಂಕಿಯೂ ಹೌದು. ಉತ್ತರ ಚೀನಾದ ಶಾನ್‌ಡಾಂಗ್ ಕಡೆ ಇದಕ್ಕೆ "ವೆನ್ ಗುವೊ" ಅನ್ನುವ ಹೆಸರಿದೆ, ಅಂದರೆ ಪಾತ್ರೆ ಬಿಸಿ ಮಾಡುವುದು. ನೆಂಟರು ಬಂದು ಹೊಸ ಅಡುಗೆಮನೆಯಲ್ಲಿ ಉಂಡು ಹೋಗಬೇಕು, ಅಷ್ಟೇ. ನಮ್ಮ ಹಾಲು ಉಕ್ಕಿಸೋದು ನೆನಪಾಗುತ್ತೆ ಅಲ್ವಾ?

ಶುಭಾಶಯದ ಕಾರ್ಡಿನಲ್ಲಿ ಮಾತ್ರ ಎಲ್ಲರೂ "ಚಿಯಾವ್ ಚಿಯೆನ್ ಝು ಶಿ" ಅಂತ ಬರೆಯುತ್ತಾರೆ. ಎತ್ತರದ ಮರಕ್ಕೆ ವಲಸೆ ಹೋದ ಸಂತೋಷ ಅಂತ ಅರ್ಥ. ಕತ್ತಲ ಕಣಿವೆಯಿಂದ ಹೊರಟ ಹಕ್ಕಿ ಎತ್ತರದ ಮರ ಸೇರಿತು ಅನ್ನುವ ತುಂಬ ಹಳೆಯ ಪದ್ಯದ ಸಾಲಿಂದ ಬಂದದ್ದು. ಹದಿನೈದನೇ ಮಹಡಿಗೆ ಹೋದವರಿಗೆ ಚೆನ್ನಾಗಿ ಹೊಂದುತ್ತೆ.

ಇಲ್ಲಿ ನಾನು ಹೇಳುವುದು ಹೆಚ್ಚಾಗಿ ಸಿಂಗಪುರದ ರೂಢಿ. ಚೀನಾದಿಂದ ಈಚೆಗೆ ಬಂದ ನಿಮ್ಮ ಸಹೋದ್ಯೋಗಿಗೆ ಇದರಲ್ಲಿ ಅರ್ಧ ಗೊತ್ತಿಲ್ಲದೇ ಇರಬಹುದು. ಅಲ್ಲಿ 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳೆಯ ಆಚರಣೆಗಳಿಗೆ ದೊಡ್ಡ ಪೆಟ್ಟು ಬಿತ್ತು. ವಲಸೆ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಉಳಿಸಿಕೊಂಡದ್ದೇ ಎಷ್ಟೋ ಸಲ ಜಾಸ್ತಿ.

ಅನಾನಸ್ ಯಾಕೆ ಉರುಳಿಸ್ತಾರೆ? ನಮ್ಮ ಕುಂಬಳಕಾಯಿ ಥರಾ ದೃಷ್ಟಿಗಾ?

ದೃಷ್ಟಿಗಲ್ಲ, ಮಾತಿಗೆ. ಹೊಕ್ಕಿಯೆನ್ ಭಾಷೆಯಲ್ಲಿ ಅನಾನಸ್ಸಿಗೆ "ಓಂಗ್ ಲೈ" ಅನ್ನುತ್ತಾರೆ. ಅದೇ ಸದ್ದಿಗೆ "ಅಭಿವೃದ್ಧಿ ಬರಲಿ" ಅಂತಲೂ ಅರ್ಥ. ಹಣ್ಣನ್ನು ಬಾಗಿಲಿಂದ ಒಳಕ್ಕೆ ಉರುಳಿಸುತ್ತಾ "ಓಂಗ್ ಲೈ, ಓಂಗ್ ಲೈ! ಹುವಾಟ್ ಆ!" ಅಂತ ಕೂಗುತ್ತಾರೆ. ಹುವಾಟ್ ಅಂದರೆ ಏಳಿಗೆ, ದುಡ್ಡು ಕಾಸು ಹೆಚ್ಚಲಿ ಅಂತ. ಒಡೆಯೋದಿಲ್ಲ, ನಿವಾಳಿಸೋದಿಲ್ಲ.

ಇದನ್ನು ಕೇಳಿ ನಗಬೇಡಿ. ನಾವೂ ಹೊರಡುವಾಗ "ಹೋಗ್ತೀನಿ" ಅನ್ನದೆ "ಹೋಗಿ ಬರ್ತೀನಿ" ಅನ್ನುತ್ತೇವೆ. ದೀಪ ಆರಿಸು ಅನ್ನದೆ ದೀಪ ದೊಡ್ಡದು ಮಾಡು ಅನ್ನುತ್ತೇವೆ. ನಾವು ಮಾತಿಗೆ ಹೆದರಿ ಅಲ್ಲಿಗೇ ನಿಲ್ಲುತ್ತೇವೆ. ಅವರು ಆ ಮಾತನ್ನು ಮಾರುಕಟ್ಟೆಯಿಂದ ಕೊಂಡು ತಂದು ನೆಲದ ಮೇಲೆ ಉರುಳಿಸುತ್ತಾರೆ.

ಇನ್ನೊಂದು ವಿಷಯ. "ಐದು ಸಾವಿರ ವರ್ಷದ ಸಂಪ್ರದಾಯ" ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ. ಅನಾನಸ್ ದಕ್ಷಿಣ ಅಮೆರಿಕದ ಹಣ್ಣು. ಏಷ್ಯಾಕ್ಕೆ ಬಂದದ್ದು 16ನೇ ಶತಮಾನದಲ್ಲಿ ಪೋರ್ಚುಗೀಸರು, ಸ್ಪೇನಿನವರು ಈ ಕಡೆ ಬಂದ ಮೇಲೆ. ಇಪ್ಪತ್ತನೇ ಶತಮಾನದ ಮೊದಲಲ್ಲಿ ಸಿಂಗಪುರದಲ್ಲಿ ಅದರ ತೋಟ, ಡಬ್ಬಿ ಕಾರ್ಖಾನೆಗಳ ಭರಾಟೆ ಇತ್ತು. "ಅನಾನಸ್ ರಾಜ" ಅಂತಲೇ ಹೆಸರಾದ ವ್ಯಾಪಾರಿ ಲಿಮ್ ನೀ ಸೂನ್ ಹೆಸರೇ ಇಂದಿನ ಯೀಶುನ್ ಬಡಾವಣೆಗೆ ಬಂದಿದೆ.

ಆ ದಿನ ಮನೆಯೊಳಗೆ ನಿಜವಾಗಿ ಏನೇನು ನಡೆಯುತ್ತೆ?

ಎದುರು ಮನೆಯವರು ಹೊಸ ಫ್ಲ್ಯಾಟಿಗೆ ಬಂದ ದಿನ ನಾನು ಬಾಗಿಲಲ್ಲೇ ನಿಂತು ನೋಡಿದ್ದು ಹೀಗೆ. ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ಲಿಫ್ಟಿಂದ ಇಳಿದರು. ಒಬ್ಬರ ಕೈಯೂ ಖಾಲಿ ಇರಲಿಲ್ಲ. ಬರಿಗೈಯಲ್ಲಿ ಹೊಸ ಮನೆಗೆ ಕಾಲಿಡಬಾರದು. ಅಂಕಲ್ ಕೈಯಲ್ಲಿ ಅಕ್ಕಿ ತುಂಬಿದ ಡಬ್ಬ, ಅದಕ್ಕೆ ಕೆಂಪು ಕಾಗದ. ಆಂಟಿ ಕೈಯಲ್ಲಿ ಉಪ್ಪು, ಎಣ್ಣೆ, ಚಹಾ ಸೊಪ್ಪು ಇಟ್ಟ ಬುಟ್ಟಿ. ಮಗನ ಹತ್ತಿರ ಹೊಸ ಪೊರಕೆ, ಮೊರ, ಎರಡಕ್ಕೂ ಕೆಂಪು ರಿಬ್ಬನ್. ಹಳೇ ಮನೆಯ ಪೊರಕೆಯನ್ನು ತರೋದಿಲ್ಲ, ಹಳೇ ಕೊಳೆ ಜೊತೆಗೆ ಬರುತ್ತೆ ಅಂತ. ಮೊಮ್ಮಗಳು ಅನಾನಸ್ಸನ್ನು ಮಗುವಿನ ಥರ ಅಪ್ಪಿಕೊಂಡಿದ್ದಳು.

ಒಳಗೆ ಹೋದ ತಕ್ಷಣ ಎಲ್ಲ ಕಿಟಕಿ ತೆಗೆದರು, ಎಲ್ಲ ದೀಪ ಹಾಕಿದರು, ಮೂಲೆಗಳಿಗೆ ಉಪ್ಪು, ಅಕ್ಕಿ, ಹೆಸರುಕಾಳು ಚೆಲ್ಲಿದರು. ಅನಾನಸ್ ನಡುಮನೆಯಿಂದ ಒಂದೊಂದು ಕೋಣೆಗೂ ಉರುಳಿತು. ಅದು ನೇರವಾಗಿ ಎಲ್ಲಿ ಹೋಗುತ್ತೆ? ಮುಳ್ಳಿನ ಮೈ, ತಲೆಯ ಮೇಲೆ ಜುಟ್ಟು. ಎರಡು ಅಡಿ ಹೋಗಿ ಸೋಫಾದ ಕೆಳಗೆ ನುಗ್ಗಿತು. ಅಂಕಲ್ ಮಂಡಿಯೂರಿ ತೆಗೆಯುವಷ್ಟರಲ್ಲಿ ಎಲ್ಲರೂ ನಗುತ್ತಾ ಇನ್ನೂ ಜೋರಾಗಿ "ಹುವಾಟ್" ಅಂದರು.

ಆಮೇಲೆ ಫ್ಯಾನ್ ಹಾಕಿ, ಸಿಂಕಿನ ತೂತು ಮುಚ್ಚಿ ನಲ್ಲಿಯನ್ನು ಸಣ್ಣಗೆ ಬಿಟ್ಟರು. "ಫಂಗ್ ಶಂಗ್ ಶುಯ್ ಚಿ" ಅನ್ನುವ ಮಾತಿದೆ, ಗಾಳಿ ಏಳಲಿ, ನೀರು ಮೇಲೇರಲಿ ಅಂತ. ಕೊನೆಗೆ ಕೆಟಲಿನಲ್ಲಿ ನೀರು ಕುದಿಸಿದರು. ಇಲ್ಲೂ ಮಾತಿನ ಆಟವೇ. ಚೀನೀ ಭಾಷೆಯ "ಗುನ್" ಅನ್ನುವ ಒಂದೇ ಪದಕ್ಕೆ ಉರುಳು ಅಂತಲೂ ಅರ್ಥ, ಕುದಿ ಅಂತಲೂ ಅರ್ಥ. ಸಂಪತ್ತು ಉರುಳಿ ಉರುಳಿ ಬರಲಿ ಅನ್ನುವ ಹಾರೈಕೆಯಲ್ಲೂ ಅದೇ ಪದ. ನಡುಮನೆಯಲ್ಲಿ ಅನಾನಸ್ ಮಾಡಿದ ಕೆಲಸವನ್ನೇ ಅಡುಗೆಮನೆಯಲ್ಲಿ ನೀರು ಮಾಡುತ್ತೆ. ಆ ನೀರಿಂದಲೇ ನಮಗೆಲ್ಲ ಚಹಾ ಕೊಟ್ಟರು.

ದಿನ ಯಾರು ನೋಡ್ತಾರೆ? ಅವರಿಗೂ ಆಷಾಢ ಇದೆಯಾ?

"ತೊಂಗ್ ಶು" ಅನ್ನುವ ಪಂಚಾಂಗ ಇದೆ. ಪ್ರತಿ ದಿನದ ಕೆಳಗೆ ಏನು ಮಾಡಬಹುದು, ಏನು ಮಾಡಬಾರದು ಅಂತ ಅಚ್ಚಾಗಿರುತ್ತೆ. ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದವರಿಗೆ ಆ ದಿನ ಆಗಿಬರೋಲ್ಲ ಅನ್ನೋದೂ ಇರುತ್ತೆ. ಮನೆ ಮಂದಿಯಲ್ಲಿ ಯಾರಿಗೂ ತೊಡಕಾಗದ ದಿನ ಹುಡುಕಬೇಕು. ಐದು ಜನರ ಮನೆಯಲ್ಲಿ ಇದು ನಮ್ಮ ತಾರಾಬಲ ನೋಡೋದಕ್ಕಿಂತ ಕಡಿಮೆ ತಲೆನೋವೇನಲ್ಲ.

ಅವರ ಆಷಾಢ ಅಂದರೆ ಏಳನೇ ತಿಂಗಳು, "ಹಸಿದ ಪ್ರೇತಗಳ ತಿಂಗಳು". ಆಗ ಸತ್ತವರು ಭೂಮಿಗೆ ಬರುತ್ತಾರೆ ಅನ್ನುವ ನಂಬಿಕೆ. ಮದುವೆ ಇಲ್ಲ, ಮನೆ ಬದಲಿಸೋದಿಲ್ಲ. ಇಲ್ಲೊಂದು ತಮಾಷೆ ಇದೆ. ನಮ್ಮ ತಿಂಗಳಂತೆ ಅವರದ್ದೂ ಅಮಾವಾಸ್ಯೆಯ ಲೆಕ್ಕ. ಹಾಗಾಗಿ ಎಷ್ಟೋ ವರ್ಷ ಅವರ ಏಳನೇ ತಿಂಗಳು ಮತ್ತು ನಮ್ಮ ಶ್ರಾವಣ ಒಟ್ಟೊಟ್ಟಿಗೇ ಬರುತ್ತವೆ. 2023, 2024ರಲ್ಲಿ ಹಾಗೇ ಆಯಿತು. ಆಷಾಢ ಮುಗಿಯಿತು ಅಂತ ನಾವು ಓಡೋಡಿ ಹಾಲು ಉಕ್ಕಿಸುವಾಗ, "ಈ ತಿಂಗಳಲ್ಲಾ?" ಅಂತ ಅವರು ಕಣ್ಣರಳಿಸುತ್ತಾರೆ. 2025ರಲ್ಲಿ ಅವರಿಗೆ ಅಧಿಕ ಮಾಸ ಬಂದು ಲೆಕ್ಕ ಮುಂದೆ ಹೋಯಿತು, ಪ್ರೇತಗಳ ತಿಂಗಳು ನಮ್ಮ ಭಾದ್ರಪದಕ್ಕೆ ಬಿತ್ತು. ಆ ವರ್ಷ ಮಹಾಲಯ ಅಮಾವಾಸ್ಯೆಯ ದಿನವೇ ಅವರ ತಿಂಗಳೂ ಮುಗಿಯಿತು. ಶ್ರಾವಣದಲ್ಲಿ ನೀವು ಗೃಹಪ್ರವೇಶ ಇಟ್ಟುಕೊಂಡು ಚೀನೀ ಗೆಳೆಯರು ಬರಲಿಲ್ಲ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಪುರೋಹಿತರು ಬರ್ತಾರಾ?

ಸಾಮಾನ್ಯವಾಗಿ ಇಲ್ಲ. ಮನೆ ಯಜಮಾನರೇ ಎಲ್ಲ ಮಾಡುತ್ತಾರೆ. ಮನೆಗೆ ಹೊಸದಾಗಿ ದೇವರ ಪೀಠ ಇಡುವುದಿದ್ದರೆ ಮಾತ್ರ ತಾವೋ ಧರ್ಮದ ಪೂಜಾರಿಯನ್ನೋ ಬೌದ್ಧ ಭಿಕ್ಷುವನ್ನೋ ಕರೆಸುವುದುಂಟು. ಕ್ರೈಸ್ತರಾದ ಚೀನೀಯರು ಪ್ರಾರ್ಥನೆ ಇಟ್ಟುಕೊಳ್ಳುತ್ತಾರೆ. ಅವರಲ್ಲೂ ಅನಾನಸ್ ಉರುಳಿಸುವವರಿದ್ದಾರೆ, ಅದು ಪೂಜೆಯಲ್ಲ, ಸಂಭ್ರಮ ಅಂತ.

ಪಟಾಕಿ ಹೊಡೆಯಬಹುದಾ?

ಬೇಡ. ಸಿಂಗಪುರದಲ್ಲಿ 1972ರಿಂದ ನಿಷೇಧ. ಬಾಗಿಲಿಗೆ ನೇತುಹಾಕಿರುವ ಕೆಂಪು ಸರಪಟಾಕಿ ಪ್ಲಾಸ್ಟಿಕ್ಕಿನದು.

## ಕರೆ ಬಂದಿದೆ, ಹೋಗಬೇಕು

ಚೆಂದದ ಗೋಡೆ ಗಡಿಯಾರ ಕೊಡೋಣ ಅಂತಿದ್ದೀನಿ. ಪರವಾಗಿಲ್ಲವಾ?

ದಯವಿಟ್ಟು ಬೇಡ. ಊರಲ್ಲಿ ಗೃಹಪ್ರವೇಶಕ್ಕೆ ಮೂರು ಗಡಿಯಾರ ಬಂದೇ ಬರುತ್ತವೆ, ಗೊತ್ತು. ಆದರೆ ಚೀನೀ ಭಾಷೆಯಲ್ಲಿ "ಗಡಿಯಾರ ಕೊಡುವುದು" ಮತ್ತು "ಸಾಯುವವರ ಕೊನೆಗಾಲಕ್ಕೆ ನಿಲ್ಲುವುದು" ಒಂದೇ ಉಚ್ಚಾರ, "ಸೊಂಗ್ ಝೊಂಗ್". 2015ರಲ್ಲಿ ಬ್ರಿಟನ್ನಿನ ಸಾರಿಗೆ ಸಚಿವೆ ಸೂಸನ್ ಕ್ರೇಮರ್ ತೈಪೆಯ ಮೇಯರ್ ಕೊ ವೆನ್-ಜೆಗೆ ಜೇಬುಗಡಿಯಾರ ಕೊಟ್ಟು ದೊಡ್ಡ ಸುದ್ದಿಯಾಯಿತು. ಗುಜರಿಗೆ ಹಾಕಬಹುದು ಅಂತ ಆತ ತಮಾಷೆ ಮಾಡಿದರು, ಆಕೆ ಕ್ಷಮೆ ಕೇಳಿದರು.

ಕೊಡೆಯೂ ಬೇಡ, ಅದರ ಸದ್ದಿನಲ್ಲಿ "ಚದುರಿ ಹೋಗು" ಅಂತಿದೆ. ಪೇರ್ ಹಣ್ಣಿನಲ್ಲಿ "ಅಗಲಿಕೆ" ಇದೆ. ಚಾಕು, ಕತ್ತರಿ ಸಂಬಂಧ ಕತ್ತರಿಸುತ್ತವೆ. ಬಿಳಿ ಸೇವಂತಿಗೆ ಶವಸಂಸ್ಕಾರದ ಹೂವು. ಈಗಾಗಲೇ ಚಾಕುವಿನ ಸೆಟ್ಟೋ ಗಡಿಯಾರವೋ ಕೊಟ್ಟುಬಿಟ್ಟಿದ್ದರೆ ಅವರ ಕೈಯಿಂದ ಒಂದು ನಾಣ್ಯ ಈಸಿಕೊಳ್ಳಿ. ಕೊಂಡ ಹಾಗಾಯಿತು, ದೋಷ ಕಳೆಯಿತು.

ಕೊಡಬಹುದಾದದ್ದು ಬೇಕಾದಷ್ಟಿದೆ. ಕಿತ್ತಳೆ ಹಣ್ಣು ಜೋಡಿಯಾಗಿ, ಒಳ್ಳೆ ಚಹಾ, ಕುಂಡದಲ್ಲಿ ಹಸಿರು ಗಿಡ, ಊಟದ ತಟ್ಟೆಗಳ ಸೆಟ್ (ನಾಲ್ಕರದ್ದು ಬೇಡ, ಆರು ಅಥವಾ ಎಂಟು). ಊರಿಂದ ತಂದ ಮೈಸೂರು ಪಾಕನ್ನು ಕೆಂಪು ಡಬ್ಬದಲ್ಲಿ ಕೊಟ್ಟೆ. ಬಣ್ಣ ಚಿನ್ನದ್ದು ಅಂತ ಆಂಟಿಗೆ ಬಹಳ ಖುಷಿಯಾಯಿತು.

ಕವರಲ್ಲಿ 101 ಡಾಲರ್ ಇಡಬಹುದಾ?

ಈ ಪ್ರಶ್ನೆ ಕೇಳಿಯೇ ಹೋಗಿ, ಯಾಕೆಂದರೆ ತಪ್ಪು ಇಲ್ಲೇ ಆಗೋದು. ನಮ್ಮಲ್ಲಿ ಕೊನೆಗೆ ಒಂದು ರೂಪಾಯಿ ಸೇರಿಸದಿದ್ದರೆ ಮುಯ್ಯಿಯೇ ಅಲ್ಲ. ಅಂಗಡಿಯಲ್ಲಿ ಸಿಗುವ ಕವರಿಗೆ ಆ ನಾಣ್ಯ ಅಂಟಿಸಿಕೊಂಡೇ ಬರುತ್ತೆ. ಚೀನೀಯರಲ್ಲಿ ಒಳ್ಳೆಯದು ಯಾವತ್ತೂ ಜೋಡಿಯಾಗಿ ಬರಬೇಕು. ಹಾಗಾಗಿ ಶುಭ ಕಾರ್ಯಕ್ಕೆ ಸರಿಸಂಖ್ಯೆ. ಬೆಸಸಂಖ್ಯೆಯ ದುಡ್ಡನ್ನು ಬಿಳಿ ಕವರಲ್ಲಿಟ್ಟು ಕೊಡುವುದು ಸಾವಿನ ಮನೆಗೆ. ನೀವು ಪ್ರೀತಿಯಿಂದ ಬಿಳಿ ಲಕೋಟೆಯಲ್ಲಿ 101 ಇಟ್ಟು ಕೊಟ್ಟರೆ ಏನಾಗುತ್ತೆ ಊಹಿಸಿ.

ಕೆಂಪು ಕವರು, ಅಂದರೆ ಆಂಗ್ ಪಾವ್. 28, 68, 88, ಹೀಗೆ ಎಂಟು ಇದ್ದರೆ ಖುಷಿ. ನಾಲ್ಕು ಎಲ್ಲೂ ಬೇಡ, ಅದರ ಸದ್ದು ಸಾವಿನದು. ಎರಡೂ ಕೈಯಲ್ಲಿ ಕೊಡಿ. ಅವರು ನಿಮ್ಮೆದುರು ತೆಗೆದು ನೋಡೋದಿಲ್ಲ.

ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಹೇಳೋದು?

ಮೊದಲೇ ಹೇಳಿಬಿಡಿ, ಮುಜುಗರ ಬೇಡ. ಸಸ್ಯಾಹಾರ ಅವರಿಗೆ ಹೊಸದಲ್ಲ. ಚಾಂದ್ರಮಾನದ ಮೊದಲ ದಿನ ಮತ್ತು ಹದಿನೈದನೇ ದಿನ ಮಾಂಸ ಬಿಡುವವರು ಎಷ್ಟೋ ಜನ. ಬೌದ್ಧ ಸಸ್ಯಾಹಾರಿಗಳು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮ ಅತ್ತೆ ಊರಿಂದ ಬಂದಾಗ ಹೊರಗೆ ಧೈರ್ಯವಾಗಿ ಉಂಡದ್ದು ಅಂಥ ಅಂಗಡಿಯಲ್ಲೇ. ಆದರೆ ಮೀನು, ಕೋಳಿಯ ಆಕಾರದಲ್ಲಿ ಸೋಯಾ ಮಾಡಿಟ್ಟಿರುತ್ತಾರೆ, ನೋಡಿ ಗಾಬರಿಯಾಗಬೇಡಿ.

ನನ್ನ ಹೆಂಡತಿ ಬಸುರಿ. ಹೋಗಬಹುದಾ?

ಅತಿಥಿಯಾಗಿ ಹೋಗಿ ಉಂಡು ಬರಲು ಹೆಚ್ಚಿನವರು ಅಡ್ಡಿ ಹೇಳೋದಿಲ್ಲ. ಬಸುರಿ ಇರುವ ಮನೆಯವರೇ ಮನೆ ಬದಲಿಸಬಾರದು, ಮೊಳೆ ಹೊಡೆಯಬಾರದು, ಮಂಚ ಸರಿಸಬಾರದು ಅನ್ನೋದು ಅವರ ನಂಬಿಕೆ. ಗರ್ಭವನ್ನು ಕಾಯುವ ದೇವತೆ ಮನೆಯ ವಸ್ತುಗಳಲ್ಲೇ ಜಾಗ ಬದಲಿಸಿಕೊಂಡು ಇರುತ್ತೆ, ಅದನ್ನು ಕದಲಿಸಬಾರದು ಅಂತ. ಊರಲ್ಲೂ ಹೆಂಡತಿ ಬಸುರಿಯಾಗಿದ್ದಾಗ ಮನೆ ಕಟ್ಟಿಸಲು ಹಿಂದೆಮುಂದೆ ನೋಡುತ್ತಾರಲ್ಲ, ಹಾಗೆ. ನಿಮ್ಮ ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಮಾತ್ರ ಮೊದಲು ತಿಳಿಸಿ, ಅವರು ಹೇಳಿದ ಹಾಗೆ ಮಾಡಿ.

## ಎಲ್ಲ ಮುಗಿದ ಮೇಲೆ

ಉರುಳಿಸಿದ ಅನಾನಸ್ ತಿನ್ನಬಹುದಾ, ಇಲ್ಲ ನೀರಿಗೆ ಬಿಡಬೇಕಾ?

ತಿನ್ನಿ. ತಿನ್ನಲೇಬೇಕು. ನಮ್ಮವರಿಗೆ ಇದು ತಲೆಗೆ ಹೋಗೋದು ಸ್ವಲ್ಪ ನಿಧಾನ. ನಮ್ಮಲ್ಲಿ ದೃಷ್ಟಿ ತೆಗೆದ ಕುಂಬಳಕಾಯಿ ರಸ್ತೆಗೆ ಹೋಗುತ್ತೆ, ಪೂಜೆಯ ಹೂವು ಹರಿಯೋ ನೀರಿಗೋ ಗಿಡದ ಬುಡಕ್ಕೋ ಹೋಗುತ್ತೆ. ಇಲ್ಲಿ ಹಣ್ಣು ಕೆಟ್ಟದ್ದನ್ನು ಹೀರಿಕೊಂಡಿಲ್ಲ. ಒಳ್ಳೆಯದನ್ನು ಒಳಗೆ ತಂದಿದೆ. ಅದನ್ನು ಹೊರಗೆ ಬಿಸಾಡಿದರೆ ತಂದದ್ದನ್ನೇ ಬಿಸಾಡಿದ ಹಾಗೆ.

ಎರಡು ಮೂರು ದಿನ ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿ ಇಡುತ್ತಾರೆ. ಇಲ್ಲಿನ ಸೆಕೆಗೆ ಅದಕ್ಕಿಂತ ಜಾಸ್ತಿ ಇಡಬೇಡಿ. ಉರುಳುವಾಗ ಪೆಟ್ಟಾದ ಕಡೆ ಒಳಗೆ ಕಂದಾಗಿ ರಸ ಇಳಿಯಲು ಶುರುವಾಗುತ್ತೆ, ಇರುವೆ ಸಾಲು ಹಚ್ಚುತ್ತೆ. ಕೆಳಗೊಂದು ತಟ್ಟೆ ಇರಲಿ. ಕತ್ತರಿಸಿದಾಗ ಪೆಟ್ಟಾದ ಭಾಗ ತೆಗೆದುಹಾಕಿ, ಉಳಿದದ್ದನ್ನು ಮನೆಯವರೆಲ್ಲ ಒಂದೊಂದು ತುಂಡಾದರೂ ತಿನ್ನಿ. ಆಂಟಿ ಅದರಲ್ಲಿ ಜಾಮ್ ಕಾಯಿಸಿ ಟಾರ್ಟ್ ಮಾಡುತ್ತಾರೆ. ನಾನು ಗೊಜ್ಜು ಮಾಡಿ ಒಂದು ಬಟ್ಟಲು ಅವರಿಗೆ ಕೊಟ್ಟೆ. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ಹೇಗೆ ಅಂತ ಅವರಿಗೆ ಇನ್ನೂ ಆಶ್ಚರ್ಯ.

ಜುಟ್ಟನ್ನು ತಿರುಚಿ ಕಿತ್ತು, ಕೆಳಗಿನ ಎಲೆ ಬಿಡಿಸಿ, ಒಂದೆರಡು ದಿನ ಒಣಗಿಸಿ ಕುಂಡದಲ್ಲಿ ನೆಡಿ. ಹಣ್ಣಿಗೆ ಎರಡು ವರ್ಷವಾದರೂ ಕಾಯಬೇಕು. ನಮ್ಮ ಕಾರಿಡಾರಿನಲ್ಲಿ ಅಂಥ ಕುಂಡ ಮೂರಿವೆ.

ತೈವಾನಿಗೆ ಹೋದರೆ ಒಂದು ಎಚ್ಚರಿಕೆ. ರಾತ್ರಿ ಪಾಳಿಯ ವೈದ್ಯರಿಗೆ ಅನಾನಸ್ ಕೊಡಬೇಡಿ. ಅಭಿವೃದ್ಧಿ ಅಂದರೆ ಅವರಿಗೆ ರೋಗಿಗಳ ಸಾಲು!

ಡಬ್ಬದಲ್ಲಿ ತುಂಬಿಟ್ಟ ಅಕ್ಕಿಯನ್ನು ಯಾವಾಗ ಅನ್ನ ಮಾಡಬಹುದು? ಒಳಗಿರೋ ಕೆಂಪು ಕವರ್ ತೆಗೀಬೇಕಾ?

ಕೆಲವರು ಅದೇ ದಿನ ಮೊದಲ ಅನ್ನಕ್ಕೆ ಅದನ್ನೇ ತೆಗೆಯುತ್ತಾರೆ, ಕೆಲವರು ಮೂರು ದಿನ ಬಿಟ್ಟು. ಅಕ್ಕಿಯಂತೂ ಉಣ್ಣಲಿಕ್ಕೇ ಇರೋದು. ಕೆಂಪು ಕವರನ್ನು ಡಬ್ಬದಲ್ಲೇ ಬಿಡಿ. ಹಳೇ ಅಕ್ಕಿ ಪೂರ್ತಿ ಖಾಲಿಯಾಗುವ ಮೊದಲೇ ಹೊಸದು ಸುರಿಯಬೇಕು, ತಳ ಕಾಣಬಾರದು, ನಿಯಮ ಅಷ್ಟೇ. ಆದರೆ ಇದನ್ನು ಅಕ್ಷರಶಃ ಪಾಲಿಸಿದರೆ ತಳದ ಅಕ್ಕಿಯಲ್ಲಿ ಹುಳ ಆಗೋದು ಖಂಡಿತ. ಆಂಟಿಯ ಉಪಾಯ ಸರಳ. ತಳದಲ್ಲಿ ಉಳಿದ ಎರಡು ಹಿಡಿಯನ್ನು ಬಟ್ಟಲಿಗೆ ತೆಗೆದು, ಡಬ್ಬ ಒರೆಸಿ, ಹೊಸದು ತುಂಬಿ, ಬಟ್ಟಲಿನದನ್ನು ಮೇಲೆ ಹಾಕುತ್ತಾರೆ.

ಉಪ್ಪು, ಎಣ್ಣೆ, ಚಹಾ ಎಲ್ಲ ಸೀದಾ ಅಡುಗೆಗೆ. "ಬಾಗಿಲು ತೆಗೆದರೆ ಬೇಕಾದ ಏಳು" ಅನ್ನುವ ಹಳೇ ಪಟ್ಟಿ ಒಂದಿದೆ: ಸೌದೆ, ಅಕ್ಕಿ, ಎಣ್ಣೆ, ಉಪ್ಪು, ಸೋಯಾ ಸಾಸು, ವಿನೆಗರ್, ಚಹಾ. ಆ ಬುಟ್ಟಿಯಲ್ಲಿ ಬರೋದು ಹೆಚ್ಚುಕಡಿಮೆ ಇವೇ.

ಮೂಲೆಗಳಿಗೆ ಚೆಲ್ಲಿದ ಉಪ್ಪು, ಅಕ್ಕಿ, ಹೆಸರುಕಾಳು ಗುಡಿಸಿಬಿಡಬಹುದಾ?

ಇಲ್ಲಿ ನನ್ನ ಮಾನ ಹೋದ ಕಥೆ ಇದೆ. ಊಟ ಮುಗಿದ ಮೇಲೆ ಸಹಾಯ ಮಾಡೋಣ ಅಂತ ಹೊಸ ಪೊರಕೆ ತಗೊಂಡು ನಡುಮನೆಯ ಮೂಲೆಯ ಅಕ್ಕಿಕಾಳನ್ನೆಲ್ಲ ಗುಡಿಸಿ, ನೀಟಾಗಿ ಬಾಗಿಲ ಕಡೆ ತಂದೆ. ಇನ್ನೊಂದು ಸಲ ಎಳೆದಿದ್ದರೆ ಕಾರಿಡಾರಿಗೆ ಹೋಗುತ್ತಿತ್ತು. ಆಂಟಿ ಅಡುಗೆಮನೆಯಿಂದ ಓಡಿ ಬಂದು "ಒಳಗೆ! ಒಳಗೆ!" ಅಂತ ಪೊರಕೆ ಹಿಡಿದುಕೊಂಡರು. ನಾನು ಅವರ ಮನೆಯ ಭಾಗ್ಯವನ್ನೆಲ್ಲ ಹೊಸ್ತಿಲು ದಾಟಿಸುವುದರಲ್ಲಿದ್ದೆ. ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಅಜ್ಜಿ ಬಯ್ಯುತ್ತಿದ್ದದ್ದು ಆಗ ನೆನಪಾಯಿತು.

ವಿಷಯ ಇಷ್ಟೇ. ಚೆಲ್ಲಿದ ದಿನ ಮುಟ್ಟಬೇಡಿ. ಮರುದಿನ ಅಥವಾ ಮೂರನೇ ದಿನ, ಅವರವರ ರೂಢಿಯಂತೆ, ಬಾಗಿಲಿಂದ ಒಳಕ್ಕೆ ಗುಡಿಸಿ ಮೊರಕ್ಕೆ ತೆಗೆಯಬೇಕು. ನೆಲಕ್ಕೆ ಚೆಲ್ಲಿದ್ದನ್ನು ತಿನ್ನುವುದಿಲ್ಲ. ಬಿಸಾಡಬೇಕಾದ ವಸ್ತು ಅಂದರೆ ಇದೊಂದೇ, ಯಾಕೆಂದರೆ ಉಪ್ಪು-ಅಕ್ಕಿ ಚೆಲ್ಲುವುದು ಕೆಟ್ಟದ್ದನ್ನು ಓಡಿಸಲಿಕ್ಕೆ. ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದರೆ ಸಾಕು. ಕಾಳನ್ನು ಗಿಡದ ಕುಂಡಕ್ಕೆ ಹಾಕಬಹುದು, ಉಪ್ಪು ಬೆರೆತಿದ್ದರೆ ಬೇಡ, ಗಿಡ ಸಾಯುತ್ತೆ. ಪಾರಿವಾಳಕ್ಕೆ ಹಾಕೋಣ ಅನ್ನಬೇಡಿ, ಸಿಂಗಪುರದಲ್ಲಿ ಅದಕ್ಕೆ ದಂಡ ಇದೆ. ಮರದ ನೆಲವಿದ್ದರೆ ಉಪ್ಪನ್ನು ಬೇಗ ತೆಗೆಯಿರಿ. ಈ ಹವೆಗೆ ಅದು ಬೆಳಗಾಗುವಷ್ಟರಲ್ಲಿ ನೀರೊಡೆದು ಕಲೆ ಮಾಡಿರುತ್ತೆ.

ನಾಣ್ಯ, ರಿಬ್ಬನ್, ಖಾಲಿ ಕೆಂಪು ಕವರ್ ಎಲ್ಲ ಏನು ಮಾಡೋದು?

ನಾಣ್ಯ ಮನೆಯಲ್ಲೇ ಇರಲಿ. ಮಕ್ಕಳ ಹುಂಡಿಗೆ ಹಾಕುವವರಿದ್ದಾರೆ. ರಿಬ್ಬನ್ ಬಣ್ಣ ಹೋಗೋವರೆಗೆ ಇರುತ್ತೆ, ಆಮೇಲೆ ಸುಮ್ನೆ ಬಿಚ್ಚಿ ಹಾಕಿ. ಖಾಲಿ ಕವರಿಗೆ ಪಾವಿತ್ರ್ಯ ಏನೂ ಇಲ್ಲ, ಆದರೆ ಒಂದು ಸಲ ಬಳಸಿದ ಕವರಲ್ಲಿ ಇನ್ನೊಬ್ಬರಿಗೆ ದುಡ್ಡು ಕೊಡಬೇಡಿ.

ಬಂಗಾರದ ಬಣ್ಣದ ಕಾಗದದ ಕಟ್ಟು ಉಳಿದುಬಿಟ್ಟಿದೆ. ಕಸಕ್ಕೆ ಹಾಕಲಾ?

ಅದು ದೇವರಿಗೆ ಕಳಿಸುವ ದುಡ್ಡು. ಚಿನ್ನದ ಬಣ್ಣದ್ದು ದೇವರಿಗೆ, ಬೆಳ್ಳಿಯದು ಪಿತೃಗಳಿಗೆ ಮತ್ತು ಪ್ರೇತಗಳಿಗೆ. ಗೃಹಪ್ರವೇಶದಲ್ಲಿ ಬೆಳ್ಳಿಯದಕ್ಕೆ ಕೆಲಸವಿಲ್ಲ. ಸುಟ್ಟರೆ ಮಾತ್ರ ಅದು ತಲುಪುತ್ತೆ. ಉಳಿದದ್ದನ್ನು ಒಣಗಿದ ಕಡೆ ಇಟ್ಟು ಮುಂದಿನ ಪೂಜೆಗೆ ಬಳಸುತ್ತಾರೆ. ನಿಮಗೆ ಬೇಡದಿದ್ದರೆ ಪೂಜೆ ಮಾಡುವ ನೆರೆಯವರಿಗೆ ಕೊಡಿ, ಯಾರೂ ಬೇಡ ಅನ್ನೋದಿಲ್ಲ.

ಮನೆಯೊಳಗೆ, ಕಾರಿಡಾರಿನಲ್ಲಿ, ಹುಲ್ಲಿನ ಮೇಲೆ ಸುಡಬೇಡಿ. ಬ್ಲಾಕಿನ ಕೆಳಗೆ ಟೌನ್ ಕೌನ್ಸಿಲ್ ಇಟ್ಟಿರುವ ದೊಡ್ಡ ಲೋಹದ ಪಾತ್ರೆಗಳಿವೆ, ಅವು ಇದಕ್ಕೇ. ಬೂದಿ ತಣ್ಣಗಾಗದೆ ಕಸದ ಕೊಳವೆಗೆ ಹಾಕಬಾರದು. ಊದುಬತ್ತಿಯ ಕಡ್ಡಿಗಳೂ ಹಾಗೇ, ನೀರಲ್ಲಿ ಅದ್ದಿ ಆಮೇಲೆ ಬಿಸಾಡಿ.

ಆ ಗುಲಾಬಿ ಬಣ್ಣದ ಕೇಕ್ ಕಲ್ಲಾಗಿದೆ. ಏನು ಮಾಡಲಿ?

ಅದು ಹುವಾಟ್ ಕ್ವೇ. ಹಬೆಯಲ್ಲಿ ಬೇಯುವಾಗ ತಲೆ ಬಿರಿದು ಹೂವಿನಂತೆ ಅರಳಬೇಕು, ಅರಳಿದಷ್ಟೂ ಏಳಿಗೆ. ನಾವು ಇಡ್ಲಿ ಉಬ್ಬಿತಾ ಅಂತ ನೋಡುವುದಕ್ಕಿಂತ ಜಾಸ್ತಿ ಆತಂಕದಲ್ಲಿ ಮುಚ್ಚಳ ತೆಗೆಯುತ್ತಾರೆ. ಆರಿದರೆ ಗಟ್ಟಿಯಾಗೋದು ಸಹಜ. ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಮತ್ತೆ ಹಬೆಗಿಡಿ. ಇಲ್ಲಾಂದ್ರೆ ಹೋಳು ಮಾಡಿ ಕಾವಲಿಯ ಮೇಲೆ ತುಪ್ಪದಲ್ಲಿ ಹುರಿಯಿರಿ. ತುಪ್ಪದ್ದು ನನ್ನ ಸೇರ್ಪಡೆ.

## ಸ್ವಲ್ಪ ಕಷ್ಟದ ಪ್ರಶ್ನೆಗಳು

ಬಾಡಿಗೆ ಮನೆಗೆ ಬಂದೆವು. ಓನರ್ ದೇವರ ಪೀಠ, ಬಾಗಿಲ ಮೇಲಿನ ಕನ್ನಡಿ ಎಲ್ಲ ಹಾಗೇ ಬಿಟ್ಟಿದ್ದಾರೆ. ತೆಗೆಯಬಹುದಾ?

ನೀವಾಗಿ ತೆಗೆಯಬೇಡಿ. ಫೋಟೊ ತೆಗೆದು ಓನರಿಗೆ ಕಳಿಸಿ, ಅವರೇ ಬಂದು ತೆಗೆಯಲಿ. ನೆಲದ ಮಟ್ಟದಲ್ಲಿರುವ ಕೆಂಪು ಗೂಡು ಆ ಜಾಗವನ್ನು ಕಾಯುವ ಭೂದೇವನದ್ದು. ಹೊರಗೆ ಬಾಗಿಲ ಪಕ್ಕದ ಪುಟ್ಟ ಊದುಬತ್ತಿ ಡಬ್ಬಿ ಆಕಾಶದ ಒಡೆಯನಿಗೆ. ಬಾಗಿಲ ಮೇಲಿನ ಎಂಟು ಮೂಲೆಯ ಕನ್ನಡಿ ಕೆಟ್ಟದ್ದನ್ನು ಹಿಂದಕ್ಕೆ ಕಳಿಸಲಿಕ್ಕೆ. ಎದುರು ಮನೆಯವರ ಕನ್ನಡಿ ನಿಮ್ಮ ಬಾಗಿಲಿಗೇ ನೆಟ್ಟ ಹಾಗೆ ಕಂಡರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ. ಹೆಚ್ಚಿನ ಸಲ ನೀವು ಬರೋ ಮೊದಲಿಂದಲೂ ಅಲ್ಲೇ ಇರುತ್ತೆ.

ಬಾಗಿಲಿಗೆ ತಲೆಕೆಳಗಾಗಿ ಅಂಟಿಸಿದ ಕೆಂಪು ಚೀಟಿಯನ್ನು ನೇರ ಮಾಡಲು ಹೋಗಬೇಡಿ. ಅದರಲ್ಲಿರೋದು "ಫು", ಭಾಗ್ಯ. "ತಲೆಕೆಳಗಾಗಿದೆ" ಅನ್ನೋದಕ್ಕೂ "ಬಂದಿದೆ" ಅನ್ನೋದಕ್ಕೂ ಒಂದೇ ಸದ್ದು. ಬೇಕೆಂದೇ ಹಾಗೆ ಅಂಟಿಸಿರುತ್ತಾರೆ.

ಹಳೇ ಮನೆಯ ದೇವರ ಮೂರ್ತಿಗಳನ್ನು ಅವರು ಏನು ಮಾಡ್ತಾರೆ? ಮರದ ಕೆಳಗೆ ಇಟ್ಟಿದ್ದು ನೋಡಿದ್ದೀನಿ.

ನಮ್ಮೂರಲ್ಲಿ ಅರಳಿಕಟ್ಟೆಯ ಮೇಲೆ ಗಾಜು ಒಡೆದ ದೇವರ ಫೋಟೊಗಳ ರಾಶಿ ಇರುತ್ತಲ್ಲ, ಅದೇ ಕಥೆ. ಅಜ್ಜಿ ತೀರಿಕೊಂಡಿರುತ್ತಾರೆ, ಮಕ್ಕಳು ಪೂಜೆ ಮಾಡೋದಿಲ್ಲ, ಕಸಕ್ಕೆ ಹಾಕಲು ಕೈ ಬರೋಲ್ಲ. ರಾತ್ರಿ ಹೊತ್ತು ಮರದ ಬುಡದಲ್ಲಿ ಇಟ್ಟು ಬರುತ್ತಾರೆ. ಇಲ್ಲಿ ಅದು ಕಸ ಎಸೆದ ಲೆಕ್ಕ, ದಂಡ ಬೀಳಬಹುದು.

ಸರಿಯಾದ ಕ್ರಮ ಬೇರೆ. ಮೂರ್ತಿಗೆ ಮೊದಲು "ಕಾಯ್ ಗುವಾಂಗ್" ಆಗಿರುತ್ತೆ, ಅಂದರೆ ಕಣ್ಣು ತೆರೆಸುವುದು, ನಮ್ಮ ಪ್ರಾಣಪ್ರತಿಷ್ಠೆ ಅನ್ನಿ. ಕಳಿಸುವ ಮೊದಲು ದೇವರನ್ನು ಹೊರಡಲು ಬೇಡಿಕೊಳ್ಳಬೇಕು, ಆಮೇಲೆ ಅದು ಬರೀ ಮರ, ಬರೀ ಪಿಂಗಾಣಿ. ದೇವರು ಒಪ್ಪಿದರಾ ಅಂತ ತಿಳಿಯಲು ಎರಡು ಅರ್ಧಚಂದ್ರದ ಮರದ ತುಂಡುಗಳನ್ನು ನೆಲಕ್ಕೆ ಹಾಕುತ್ತಾರೆ. ಒಂದು ಬೋರಲು, ಇನ್ನೊಂದು ಅಂಗಾತ ಬಿದ್ದರೆ ಹೌದು. ನಾವು ದೇವರ ಮುಂದೆ ಕೂತು ಬಲಗಡೆಯ ಹೂವು ಬೀಳಲಿ ಅಂತ ಕಾಯುತ್ತೇವಲ್ಲ, ಅದೇ ಉಸಿರು ಬಿಗಿಹಿಡಿದ ಕ್ಷಣ. ಒಪ್ಪಿಗೆ ಸಿಕ್ಕ ಮೇಲೆ ಕಾಗದದ ಚಿತ್ರಗಳನ್ನು ಸುಡಬಹುದು. ಮೂರ್ತಿಗಳನ್ನು ತೆಗೆದುಕೊಳ್ಳುವ ದೇವಸ್ಥಾನಗಳಿವೆ, ಆದರೆ ಎಲ್ಲವೂ ತೆಗೆದುಕೊಳ್ಳೋದಿಲ್ಲ, ಕೇಳಿಕೊಂಡೇ ಹೋಗಬೇಕು. ಪೂಜಾಸಾಮಗ್ರಿಯ ಅಂಗಡಿಗಳಲ್ಲೂ ದುಡ್ಡು ಕೊಟ್ಟರೆ ಈ ಕೆಲಸ ಮಾಡಿಕೊಡುವವರಿದ್ದಾರೆ.

ನಾವು ಹಾಲು ಉಕ್ಕಿಸಿ, ಜೊತೆಗೆ ಅನಾನಸೂ ಉರುಳಿಸಿದರೆ ತಪ್ಪಾ?

ಯಾರ ದೇವರಿಗೂ ಬೇಜಾರಾಗೋದಿಲ್ಲ ಅನ್ನೋದು ನನ್ನ ಅಭಿಪ್ರಾಯ. ತೊಂದರೆ ಕೊಡೋದು ಹೊಗೆ. 2018ರ ಜೂನ್‌ನಿಂದ ಇಲ್ಲಿನ ಹೊಸ ಮನೆಗಳಿಗೆ ಬೆಂಕಿ ಎಚ್ಚರಿಕೆಯ ಯಂತ್ರ ಕಡ್ಡಾಯ. ಹೋಮ ಇಟ್ಟುಕೊಂಡರೆ ಪೂರ್ಣಾಹುತಿಗೆ ಮೊದಲೇ ಅದು ಕಿರುಚುತ್ತೆ. ಪುರೋಹಿತರಿಗೆ ಮೊದಲೇ ಹೇಳಿ, ಸಣ್ಣ ಕುಂಡ ಸಾಕು, ಕಿಟಕಿ ಎಲ್ಲ ತೆಗೆದಿರಲಿ. ಇಂಡಕ್ಷನ್ ಒಲೆಯಾದರೆ ಹಾಲು ಉಕ್ಕಿ ಗಾಜಿನ ಮೇಲೆ ಬಿದ್ದ ಕೂಡಲೇ ಆಫ್ ಆಗಬಹುದು, ಕೆಳಗೆ ಅಗಲ ತಟ್ಟೆ ಇಡಲೂ ಬರೋಲ್ಲ. ನಮ್ಮ ಮನೆಯಲ್ಲಿ ಚಿಕ್ಕ ಗ್ಯಾಸ್ ಸ್ಟೌವ್ ತಂದು ಪೂರ್ವಕ್ಕೆ ಇಟ್ಟಿದ್ದೆವು.

ಆಂಟಿ ಅವತ್ತು ಬಂದವರೇ ಹಾಲು ಉಕ್ಕುತ್ತಿದ್ದಂತೆ ಒಲೆ ಆರಿಸಲು ಕೈ ಚಾಚಿದರು. "ಬಿಡಿ ಆಂಟಿ, ಉಕ್ಕಲಿ" ಅಂದೆ. ಎಲ್ಲ ಚೆಲ್ಲಿಹೋಗುತ್ತಲ್ಲ ಅಂದರು. ಉಕ್ಕಿದರೆ ಏನರ್ಥ ಅಂತ ಹೇಳಿದೆ. ಒಂದು ಕ್ಷಣ ಯೋಚಿಸಿ, ನೊರೆ ಪಾತ್ರೆಯ ಅಂಚು ದಾಟಿ ಒಲೆಗೆ ಇಳಿಯುವಾಗ, ಎಲ್ಲರಿಗಿಂತ ಜೋರಾಗಿ ಅವರೇ ಕೂಗಿದರು: "ಹುವಾಟ್ ಆ!"